ವಾಯುದೇವರ ಖೋಲಿ ಖಾಲಿ ಮಾಡಿದ ಪ್ರಸಂಗ

ನಮ್ಮ ಹಿತ್ತಲಿನ ಸೀತಾಫಲದ ಗಿಡಕ್ಕೆ ಒಂದು ಸಿ.ಡಿ.ಯನ್ನು ದಾರದಿಂದ ಇಳಿಬಿಟ್ಟಿದ್ದೇವೆ. ಬಿಸಿಲು ಬಿದ್ದಾಗ ಅದು ಮಿನುಗಬೇಕು, ಮಿನುಗಿದಾಗ ಮಂಗಗಳು ಬೆದರಬೇಕು ಎಂಬುದು ಸಂಕಲ್ಪ. ಚಿತ್ತಾಪುರದ ಮಂಗಗಳು ಬಂದು ಅದರಲ್ಲಿ ಮುಖ ನೋಡಿಕೊಳ್ಳುತ್ತವೆ, ಹಣ್ಣು ತಿನ್ನುತ್ತವೆ, ಹೋಗುವಾಗ ಮತ್ತೊಮ್ಮೆ ಮುಖ ನೋಡಿಕೊಂಡು ಹೋಗುತ್ತವೆ. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿರುತ್ತೇನೆ; ಅಟ್ಟುವುದಿಲ್ಲ. ಹನುಮಂತನ ಪರಿವಾರವೆಂಬ ಭಕ್ತಿ ಒಂದು ಕಾರಣ. ಇನ್ನೊಂದು ಕಾರಣ, ಆ ಸಿ.ಡಿ. ಒಮ್ಮೆ ನಮ್ಮ ಮನೆಯಲ್ಲಿ ವಾಯುದೇವರನ್ನೇ ಕೋಣೆ ಬಿಡಿಸಿದೆ. ಹನುಮಂತನು ವಾಯುವಿನ ಅವತಾರವೆಂದು ನಂಬಿ ನಡೆಯುವ ಮನೆತನ ನಮ್ಮದು. ಅವನ ಕಡೆಯವರು ಬಂದು ಆ ಸಿ.ಡಿ.ಯನ್ನು ತಿರುಗಿಸಿ ಮುರುಗಿಸಿ ಪರಿಶೀಲಿಸುತ್ತಿರುವಾಗ 'ಹುಶ್' ಎನ್ನಲು ನಾನು ಯಾರು?

ಇಷ್ಟು ಹೇಳಿ ಸುಮ್ಮನಾದರೆ ತಾವು ನನ್ನ ವಯಸ್ಸಿನ ಬಗ್ಗೆ ಯೋಚಿಸತೊಡಗುತ್ತೀರಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾನು ಸಂಸ್ಕೃತದ ಮಾಸ್ತರನಾಗಿ ನಿವೃತ್ತನಾದವನು. ನಿವೃತ್ತಿಯ ನಂತರ ಕೈಗೆ ಬಂದ ಹಣದಲ್ಲಿ ಕಾಶಿಗೆ ಹೋಗಿಬಂದೆ. ಉಳಿದುದರಲ್ಲಿ ಒಂದು ಕಂಪ್ಯೂಟರು ತಂದೆ. ಎರಡರಲ್ಲಿ ಯಾವುದು ಹೆಚ್ಚು ವೈರಾಗ್ಯ ಕಲಿಸಿತು ಎಂದು ಕೇಳಿದರೆ ಉತ್ತರಿಸಲು ಅವಕಾಶ ಬೇಕು. ಗುಲ್ಬರ್ಗಾದ ಅಂಗಡಿಯವನು ಅದನ್ನು ಜೋಡಿಸಿ ಕೊಡುವಾಗ ಒಂದು ಪ್ರಶ್ನೆ ಕೇಳಿದ.

"ಸರ್, ಹಾರ್ಡ್ ಡಿಸ್ಕಿನಾಗ ಎಷ್ಟ್ ಖೋಲಿ ಮಾಡ್ಲಿರಿ?"

ಹಾರ್ಡ್ ಡಿಸ್ಕ್ ಎಂಬುದು ಯಂತ್ರದೊಳಗೆ ನೆನಪು ಇರುವ ಡಬ್ಬಿ. ಅದರೊಳಗೆ ಗೋಡೆ ಎಬ್ಬಿಸಿ ಕೋಣೆ ಮಾಡಬಹುದೆಂದು ನನಗೆ ಅಂದೇ ತಿಳಿದದ್ದು. "ಒಂದೇ ಇಟ್ಟರೆ ಏನು?" ಎಂದೆ.

"ಒಂದಕ್ಕ ಜಡ್ಡು ಬಂದ್ರ ಎಲ್ಲಾನೂ ಮಲಗ್ತದ್ರಿ. ಮೂರ್ ಮಾಡ್ತೀನಿ ತಗೋರಿ. ಹೆಸರು ಏನ್ ಇಡ್ಲಿ?"

ನಮ್ಮಲ್ಲಿ ಯಾವ ಕಾರ್ಯವನ್ನಾದರೂ ಶ್ರೀಹರಿ, ವಾಯು, ಗುರು, ಈ ಕ್ರಮದಲ್ಲಿ ಸ್ಮರಿಸಿಯೇ ಆರಂಭಿಸುವುದು. ಕೋಣೆಗಳು ಮೂರು, ಸ್ಮರಣೀಯರೂ ಮೂವರು. ನಾನು ಹೇಳಿದೆ, ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ. ಮುಂದಿನ ಎಲ್ಲ ಅನರ್ಥಕ್ಕೆ ಮೂಲವಾದ ಈ ಭಕ್ತಿಯ ಕ್ಷಣದಲ್ಲಿ ಅಂಗಡಿಯವನು ಒಮ್ಮೆ ನನ್ನ ಮುಖ ನೋಡಿದ್ದನೆಂದು ಈಗ ನೆನಪಾಗುತ್ತದೆ.

ಗೋಡೆ ಎಂದರೆ ನನಗೆ ಮೊದಲು ನೆನಪಾಗುವುದು ಶಹಾಬಾದಿನಲ್ಲಿ ನಾವು ಚಿಕ್ಕವರಿದ್ದಾಗಿನ ಬಾಡಿಗೆ ಮನೆ. ಆ ಊರಿನಲ್ಲಿ ನೆಲಕ್ಕೂ ಫರ್ಸಿ ಎಂಬ ಚಪ್ಪಡಿ ಕಲ್ಲು, ಮಾಡಿಗೂ ಫರ್ಸಿ, ಕೂಡುವ ಕಟ್ಟೆಗೂ ಫರ್ಸಿ. ಅಡುಗೆಮನೆಗೂ ಪಡಸಾಲೆಗೂ ನಡುವೆ ಗೋಡೆಯಿರಲಿಲ್ಲ. ಆಳೆತ್ತರದ ಫರ್ಸಿಗಳನ್ನು ನಿಲ್ಲಿಸಿ ಮರೆ ಮಾಡಿದ್ದರು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು. ಪಡಸಾಲೆಯಲ್ಲಿ ತಂದೆ ನನಗೆ ಶಬ್ದರೂಪಗಳ ಪಾಠ ಹೇಳುತ್ತಿದ್ದರು. ಬೇಸಿಗೆಯಲ್ಲಿ ನಾನು ಆ ತಣ್ಣನೆಯ ಕಲ್ಲಿಗೆ ಬೆನ್ನು ಕೊಟ್ಟು ಕುಳಿತು ಚತುರ್ಥೀ ವಿಭಕ್ತಿಯ ಹತ್ತಿರ ತೂಕಡಿಸುತ್ತಿದ್ದೆ. ಆಗ ಸಂದಿನಿಂದ ಮುಂದಿನ ರೂಪ ಬರುತ್ತಿತ್ತು. ಅದು ನನ್ನ ಅಕ್ಕ ಗೋದಾವರಿ, ಮನೆಯಲ್ಲಿ ಗೋದಕ್ಕ. ಆಕೆಗೆ ಯಾರೂ ಪಾಠ ಹೇಳಿರಲಿಲ್ಲ. ತಂದೆ ಒಂದು ದಿನ ಪಾಠ ನಿಲ್ಲಿಸಿ, "ಈ ಕಲ್ಲಿಗೆ ಬರ್ತದ, ನಿನಗ ಬರೂದಿಲ್ಲ," ಎಂದರು. ಅಕ್ಕ ಆಚೆಯಿಂದ, "ಕಲ್ಲು ತೂಕಡಸೂದಿಲ್ರಿ ಅಪ್ಪಾ," ಎಂದಳು.

ಗೋದಕ್ಕ ಬಾಲ್ಯದಲ್ಲಿಯೇ ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು, ತಿರುಗಿ ನಮ್ಮ ಮನೆಗೆ ಬಂದವಳು. ಆಮೇಲೆ ಮನೆ ನಡೆದದ್ದು ಆಕೆಯ ಮಾತಿನ ಮೇಲೆ. ಆಕೆಯ ಬಳಿ ಇದ್ದ ಆಸ್ತಿಯೆಂದರೆ ಹಾಡುಗಳು. ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಮದುವೆಯ ಪ್ರತಿಯೊಂದು ಘಟ್ಟಕ್ಕೂ ಹಾಡು. ಎಲ್ಲಕ್ಕಿಂತ ಮೇಲಾಗಿ ಬೀಗರ ಹಾಡು. ಭೂಮದ ಊಟದಲ್ಲಿ ಗಂಡಿನವರು ಸಾಲಾಗಿ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರ ಹೆಸರು ಹಿಡಿದು ಹಾಡಿನಲ್ಲಿ ಹೀಯಾಳಿಸುವುದು ಪದ್ಧತಿ. ಗಂಡಿನ ಕಡೆಯವರು ಎದುರು ಹಾಡು ಹೇಳಿ ತೀರಿಸಬೇಕು. ಗೋದಕ್ಕ ಎದ್ದು ನಿಂತರೆ ಮೀಸೆಯ ಬೀಗರು ಎಲೆಯ ಕಡೆ ಮುಖ ಮಾಡಿ ಅನ್ನ ಕಲಸುತ್ತಿದ್ದರು.

ಕಂಪ್ಯೂಟರು ಬಂದ ಮೊದಲ ಬೇಸಿಗೆಯಲ್ಲಿ ಈ ಹಾಡುಗಳನ್ನು ಅದರಲ್ಲಿ ಧ್ವನಿಮುದ್ರಣ ಮಾಡಿದೆವು. ಯಂತ್ರ ಪಡಸಾಲೆಯಲ್ಲಿ, ಅಕ್ಕ ಮಡಿಯಲ್ಲಿ ಅಡುಗೆಮನೆಯಲ್ಲಿ. ಮೈಕಿನ ತಂತಿ ಹೊಸ್ತಿಲು ದಾಟಬೇಕಲ್ಲ. ಮೈಕಿಗೆ ಒಗೆದು ಒಣಗಿಸಿದ ಬಟ್ಟೆ ಸುತ್ತಿ ಅದನ್ನೂ ಮಡಿ ಮಾಡಿದೆವು. ಹಾಡಿನ ನಡುವೆ ಒಗ್ಗರಣೆಯ ಸಪ್ಪಳವಿತ್ತು, ಹಾಲಿನವನಿಗೆ ಬೈಗುಳವಿತ್ತು. ಎಲ್ಲವೂ 'ಗುರು' ಎಂಬ ಕೋಣೆಯಲ್ಲಿ ಸೇರಿದವು. 'ಶ್ರೀಹರಿ'ಯಲ್ಲಿ ಯಂತ್ರವನ್ನು ನಡೆಸುವ ವ್ಯವಸ್ಥೆ ಇತ್ತು. ನಡೆಸುವವನು ಅವನೇ ತಾನೆ. 'ವಾಯು'ವಿನಲ್ಲಿ ನನ್ನ ಪ್ರವಚನಗಳಿದ್ದವು. ಗಾಳಿಗೆ ಹೋಗತಕ್ಕವು ಗಾಳಿಯಲ್ಲಿಯೇ ಇರುವುದು ಯುಕ್ತವೆಂದು ಗೋದಕ್ಕನ ಅಭಿಪ್ರಾಯ.

ಆ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಧ್ವನಿಯನ್ನು ಒಡೆದು ಹೋಯಿತು. ಮಾತಿಗೆ ಅಡ್ಡಿಯಾಗಲಿಲ್ಲ, ಅದಕ್ಕೆ ಯಾವುದೂ ಅಡ್ಡಿಯಾಗಲಾರದು. ಹಾಡು ಮಾತ್ರ ನಿಂತಿತು. ಬೆಳಗಿನ ಪೂಜೆಯಲ್ಲಿ ಆರತಿಯ ಹಾಡನ್ನೂ ಬಿಟ್ಟಳು. ಕೇಳಿದರೆ, "ಒಡಕು ಬೋಗುಣಿ ಬಾರಿಸಿ ದೇವರನ್ನ ಎಬ್ಬಸ್ತಾರೇನು?" ಎಂದಳು. ಅಂದಿನಿಂದ ಆಕೆಯ ಹಾಡು ಎಂದರೆ ಆ ಕೋಣೆಯಲ್ಲಿದ್ದದ್ದು, ಅಷ್ಟೆ.

ಕಾರ್ತಿಕ ಮಾಸ ಕಳೆದ ಮೇಲೆ ಸೇಡಮ್ಮಿನಲ್ಲಿರುವ ನನ್ನ ತಮ್ಮನ ಮಗಳು ಪದ್ಮಾಳ ಮದುವೆ ನಿಶ್ಚಯವಾಯಿತು. ಗಂಡಿನವರು ಚಿಂಚೋಳಿಯ ಕಡೆಯವರು. ಆ ಸೀಮೆಯ ಹೆಂಗಸರಿಗೆ ಕನ್ನಡದಲ್ಲಿ ಬೈದು ದಣಿವಾದರೆ ತೆಲುಗಿನಲ್ಲಿ ಮುಂದುವರಿಸುವ ಸೌಕರ್ಯವಿದೆ. ನಿಶ್ಚಿತಾರ್ಥದ ದಿನವೇ ಅವರಲ್ಲೊಬ್ಬಾಕೆ ಗೋದಕ್ಕನ ಗಂಟಲನ್ನು ವಿಚಾರಿಸಿ, "ಪಾಪ, ಹಂಗಾದ್ರ ಈ ಸಲ ನಿಮ್ಮ ಕಡಿಂದ ಬರೇ ವಾಲಗ ಏನ್ರಿ?" ಎಂದಳಂತೆ. ಅಕ್ಕ ಮನೆಗೆ ಬಂದವಳೇ, "ಪದ್ಮಾನ ಓರಗಿ ಹುಡಿಗ್ಯಾರಿಗೆಲ್ಲಾ ಪೆಟಗಿ ಕೇಳಸಿ ಕಲಸ್ತೀನಿ. ಬರ್ಲಿ ಅವರು," ಎಂದಳು. ಪೆಟಿಗೆ ಎಂದರೆ ಕಂಪ್ಯೂಟರು. ಮೊದಲ ಬಾರಿಗೆ ಆಕೆ ಅದರ ಮೇಲೆ ಭಾರ ಹಾಕಿದ್ದಳು.

ಪೆಟಿಗೆಗೆ ಅದೇ ಕಾಲಕ್ಕೆ ವೈರಸ್ ಎಂಬ ರೋಗ ತಗುಲಿತು. ಹಾಡು ನಡೆದಿರುವಾಗಲೇ ಕಣ್ಣು ಮುಚ್ಚಿಬಿಡುತ್ತಿತ್ತು.

ನನ್ನ ಮಿತ್ರ ಖಾದರ ಸಾಹೇಬರು ಪ್ರವೇಶಿಸಬೇಕಾದುದು ಇಲ್ಲಿ. ಅವರು ಲೆಕ್ಕದ ಮಾಸ್ತರರು. ತರುಣರಿದ್ದಾಗ ಶಹಾಬಾದಿನ ಒಂದೇ ಶಾಲೆಯಲ್ಲಿ ಕೆಲಸ ಮಾಡಿದೆವು. ನಿವೃತ್ತರಾಗಿ ವಾಡಿಯಲ್ಲಿ ನೆಲೆಸಿದ್ದರು. ವಾರಕ್ಕೊಮ್ಮೆ ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರಕ್ಕೆ ಬಂದು, ನಮ್ಮ ಪಡಸಾಲೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು, ಚಹ ಕುಡಿದು, ಜಗತ್ತನ್ನು ಸರಿಪಡಿಸಿ, ಸಂಜೆಯ ಗಾಡಿಗೆ ಹಿಂತಿರುಗುವರು. ನಮ್ಮ ಮನೆಯ ಮಡಿಯ ನಿಯಮಗಳು ನನ್ನ ಮಕ್ಕಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆ ವಾರ ಅವರು ಒಂದು ಪತ್ರಿಕೆಯ ಜೊತೆಗೆ ಬಂದ ಸಿ.ಡಿ.ಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

"ಆಚಾರ್ರ, ಲಿನಕ್ಸ್ ಅಂತ ಹೊಸಾ ಸಿಸ್ಟಮ್ ಅದ ನೋಡ್ರಿ. ಇದಕ್ಕ ರೋಗ ಹತ್ತಂಗಿಲ್ಲ. ಮ್ಯಾಲ ಫುಕಟ್ ಅದ."

"ಫುಕಟ್ ಬಂದದ್ದು ಮೈಗೆ ಹತ್ತೂದಿಲ್ಲಂತಾರಲ್ಲ ಖಾದರ ಮಾಸ್ತರ," ಅಡುಗೆಮನೆಯಿಂದ ಅಕ್ಕ.

"ನಮ್ಮ ಮೈಗಿ ಬ್ಯಾಡ್ರಿ ಅಕ್ಕೋರ, ಮಷಿನಿನ ಮೈಗಿ ಹತ್ತಿದ್ರ ಸಾಕು."

"ಹಂಗಾದ್ರ ಹಳೇದನ್ನ ಹೊರಗ ಹಾಕ್ತೀರೇನು?"

"ಇಲ್ರಿ. ಹಳೇದಕ್ಕ ಒಂದ್ ಖೋಲಿ, ಇದಕ್ಕ ಒಂದ್ ಖೋಲಿ. ಚಾಲೂ ಮಾಡಿದ ಕೂಡ್ಲೇ ಯಾರ ಬೇಕು ಅಂತ ಕೇಳ್ತದ."

"ಇಬ್ರು ಸೊಸೆಂದ್ರ ಮನಿ ಆತು," ಎಂದಳು ಅಕ್ಕ. ಸೌಟು ಕೆಳಗಿಟ್ಟು, "ಇಬ್ಬರಾಗ ಮುಸುರಿ ಯಾವುದು?"

ಮುಸುರೆಯೆಂದರೆ ಅನ್ನ ತಾಗಿದ ಪಾತ್ರೆ ಪದಾರ್ಥ. ನಮ್ಮ ಅಡುಗೆಮನೆಯಲ್ಲಿ ಅವಕ್ಕೆ ಬೇರೆ ಹಲಗೆ. ಹಾಲು ತುಪ್ಪದ ಹಲಗೆಗೆ ಮುಸುರೆಯ ಕೈ ತಾಗುವಂತಿಲ್ಲ.

"ಹಳೇದ ಮುಸುರಿ ಅಂತ ತಿಳೀರಿ. ಈ ಹೊಸಾದು ಹಾಲು, ತುಪ್ಪ."

ಅಕ್ಕನಿಗೆ ವಿಷಯ ಪೂರ್ತಿಯಾಗಿ ತಿಳಿಯಿತು. ನನಗೆ ಇನ್ನೂ ಅರ್ಧ ಉಳಿದಿತ್ತು.

ಹೊಸದಕ್ಕೆ ಯಾವ ಕೋಣೆ ಕೊಡುವುದು ಎಂಬ ಚರ್ಚೆ ಬಹಳ ಹೊತ್ತು ನಡೆಯಲಿಲ್ಲ. ನನ್ನ ಪ್ರವಚನಗಳು ಕಾಗದದ ಮೇಲೆ ಮುದ್ರಣವಾಗಿದ್ದವು. ವಾಯು ಖಾಲಿಯಾಗಲಿ ಎಂದೆವು. ಹಾಡುಗಳ ಒಂದು ಪ್ರತಿಯನ್ನು ಮೊದಲು ಗುಲ್ಬರ್ಗಾದಲ್ಲಿ ಸಿ.ಡಿ. ಮಾಡಿಸಿ ತರೋಣವೇ ಎಂದು ಖಾದರ ಸಾಹೇಬರು ಕೇಳಿದ್ದುಂಟು. ರೋಗ ಹತ್ತಿದ ಯಂತ್ರದಿಂದ ತೆಗೆದ ಪ್ರತಿಗೂ ರೋಗವಿರುವುದಿಲ್ಲವೇ? ಕೊಡ ತೊಳೆಯದೆ ಯಾರಾದರೂ ಮಡಿನೀರು ತುಂಬುತ್ತಾರೆಯೇ? ಮೊದಲು ಶುದ್ಧಿ, ಅನಂತರ ಪ್ರತಿ, ಎಂದು ನಾನು ತೀರ್ಮಾನ ಕೊಟ್ಟೆ. ತೀರ್ಮಾನದಲ್ಲಿ ಶಾಸ್ತ್ರದೋಷವಿರಲಿಲ್ಲವೆಂದು ಈಗಲೂ ಹೇಳಬಲ್ಲೆ. ಆ ವಾರವಿಡೀ ಮನೆಯಲ್ಲಿ, "ವಾಯು ತೆಗೆಯಬೇಕು, ವಾಯು ತೆಗೆಯಬೇಕು" ಎಂಬುದೇ ಮಾತಾಯಿತು.

ಗೊತ್ತುಪಡಿಸಿದ ದಿನ ಬೆಳಿಗ್ಗೆ ಸ್ನಾನ ಮಾಡಿ ಯಂತ್ರದ ಮುಂದೆ ಕುಳಿತೆ. ಖಾದರ ಸಾಹೇಬರ ಗಾಡಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಪರದೆಯ ಮೇಲೆ ವಾಯುವಿನ ಹೆಸರು ಕಾಣುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆ ಹೆಸರನ್ನು ಮುಟ್ಟಿ, ಕೆಳಗಿನ 'ಅಳಿಸು' ಎಂಬುದನ್ನು ಒತ್ತಬೇಕು. ಯಂತ್ರವು, "ಖಂಡಿತವಾಗಿಯೂ ಅಳಿಸಬೇಕೇ?" ಎಂದು ಕೇಳುತ್ತದೆ. "ಹೌದು" ಎನ್ನಬೇಕು. ಮುಖ್ಯಪ್ರಾಣದೇವರ ವಿಷಯದಲ್ಲಿ ಇಂಥದೊಂದು ಪ್ರಶ್ನೋತ್ತರಕ್ಕೆ ನನ್ನ ಬೆರಳು ಏಳಲಿಲ್ಲ.

ಆಗ ನೆನಪಾದದ್ದು ಐನಾಪುರ. ನಾನು ಹುಡುಗನಾಗಿದ್ದಾಗ ಅಲ್ಲಿಯ ಹಣಮಪ್ಪನ ಗುಡಿಯ ಗರ್ಭಗುಡಿಗೆ ಹೊಸ ಫರ್ಸಿ ಹಾಸಬೇಕಾಗಿತ್ತು. ದೇವರಿರುವಲ್ಲಿ ಗಡಾರಿ ಆಡಿಸುವಂತಿಲ್ಲ. ತಂದೆ ಹೋಗಿ ಕಲಾಕರ್ಷಣ ಮಾಡಿದರು: ಮೂರ್ತಿಯಲ್ಲಿರುವ ಸನ್ನಿಧಾನವನ್ನು ಮಂತ್ರಪೂರ್ವಕವಾಗಿ ನೀರು ತುಂಬಿದ ಕಲಶಕ್ಕೆ ಕರೆದು, ಆ ಕಲಶವನ್ನು ಪಕ್ಕದ ಚಪ್ಪರದಲ್ಲಿಟ್ಟು ಅಲ್ಲಿಯೇ ಪೂಜೆ ನಡೆಸುವುದು, ಕೆಲಸ ಮುಗಿದ ಮೇಲೆ ತಿರುಗಿ ಮೂರ್ತಿಗೆ ಬಿಜಯಮಾಡಿಸುವುದು. ಅಲ್ಲಿಯವರೆಗೆ ಗರ್ಭಗುಡಿಯಲ್ಲಿರುವುದು ಬರಿಯ ಕಲ್ಲು. ಯಾರು ಬೇಕಾದರೂ ಒಳಗೆ ಹೋಗಿ ಮಣ್ಣು ಕಲಸಬಹುದು. ಫರ್ಸಿ ಹಾಸಿ ದೇವರು ಸ್ವಸ್ಥಾನಕ್ಕೆ ಬಂದ ಮೇಲೂ ಒಬ್ಬ ಮುದುಕಿ ಖಾಲಿ ಚಪ್ಪರಕ್ಕೇ ಕಾಯಿ ಒಡೆಯುತ್ತಿದ್ದಳು. ಕೇಳಿದರೆ, "ನನಗ ಮೊಮ್ಮಗನ್ನ ಇಲ್ಲೇ ಕುಂತು ಕೊಟ್ಟಾನ. ಇಲ್ಲೇ ಒಡೀತೀನಿ," ಎನ್ನುತ್ತಿದ್ದಳು.

ದಾರಿ ಸಿಕ್ಕಿತು. ವಾಯುವಿನ ಕೋಣೆಯ ಸನ್ನಿಧಾನವನ್ನು ಬೇರೊಂದು ಕೋಣೆಗೆ ಕರೆದರಾಯಿತು. ಗುರುಗಳ ಅಂತರ್ಯಾಮಿಯಾಗಿ ವಾಯುವಿದ್ದಾನೆ. ಆದ್ದರಿಂದ ಗುರುವಿನ ಕೋಣೆಗೆ ವಾಯುವಿನ ಹೆಸರಿಟ್ಟರೆ ಗುರುಗಳಿಗೆ ಸಂತೋಷವೇ ಹೊರತು ಅಪಚಾರವಲ್ಲ. ಆಚಮನ ಮಾಡಿ, ಅಕ್ಷತೆ ಹಾಕಿ, 'ಗುರು' ಎಂಬುದನ್ನು ಅಳಿಸಿ ಆ ಜಾಗದಲ್ಲಿ 'ವಾಯು' ಎಂದು ಬರೆದೆ. ಹಳೆಯ ವಾಯುವಿನ ಕೋಣೆಯನ್ನು ನಿರ್ನಾಮ ಮಾಡಿದೆ. ಹೆಸರಿಲ್ಲದಂತೆ ಬಿಟ್ಟೆ ಎಂಬ ಅರ್ಥದಲ್ಲಿ. ಅಕ್ಷತೆಯ ಕಾಳೊಂದು ಕೀಲಿಮಣೆಯ ಸಂದಿನಲ್ಲಿ ಸೇರಿ ಒಂದು ಅಕ್ಷರ ಬಹುಕಾಲ ಸರಿಯಾಗಿ ಒತ್ತದಾಯಿತು. ಉಳಿದಂತೆ ವಿಧಿ ನಿರ್ವಿಘ್ನವಾಗಿ ಮುಗಿಯಿತು. ಇನ್ನು ಆ ಅನಾಮಿಕ ಕೋಣೆಯನ್ನು ಖಾದರ ಸಾಹೇಬರು ಏನು ಬೇಕಾದರೂ ಮಾಡಬಹುದು.

ಐನಾಪುರದಲ್ಲಿ ತಂದೆ ಕಲಾಕರ್ಷಣ ಮುಗಿಸಿ ಮೊದಲು ಮಾಡಿಸಿದ್ದು ಡಂಗುರ. 'ಹಣಮಪ್ಪ ಚಪ್ಪರದಾಗ ಕುಂತಾನ, ಗುಡಿಯಾಗ ಇಲ್ಲ' ಎಂದು ಊರಿನ ಓಣಿ ಓಣಿಗೂ ಸಾರಿಸಿದ್ದರು. ವಿಧಿಯ ಆ ಒಂದು ಅಂಗ ನನಗೆ ಮರೆತುಹೋಯಿತು.

ಖಾದರ ಸಾಹೇಬರು ಬಂದಾಗ ನಾನು ದೇವರ ಮನೆಯಲ್ಲಿದ್ದೆ. ನೈವೇದ್ಯಕ್ಕೆ ಮೊದಲು ನನ್ನದು ಮೌನಜಪ. ಸಂಖ್ಯೆ ಮುಗಿಯುವವರೆಗೆ ಮಾತಿಲ್ಲ. ಅವರಿಗೂ ಅದು ಗೊತ್ತು. ನನ್ನ ಹೆಂಡತಿ ಮದುವೆಯ ತಯಾರಿಗೆಂದು ಸೇಡಮ್ಮಿಗೆ ಹೋಗಿದ್ದಳು. ಮನೆಯಲ್ಲಿ ಪಡಸಾಲೆಗೆ ಅವರು, ಅಡುಗೆಮನೆಗೆ ಅಕ್ಕ, ದೇವರ ಮನೆಗೆ ನಾನು. ಸಿ.ಡಿ. ಒಳಗೆ ಹೋದ ಸಪ್ಪಳ ಕೇಳಿಸಿತು. ಹೊಸ ವ್ಯವಸ್ಥೆ ಅವರನ್ನು ಕೋಣೆಯ ಬಾಗಿಲವರೆಗೂ ಕರೆದೊಯ್ದಿತು. ಪರದೆಯ ಮೇಲೆ ಒಂದು ಉದ್ದನೆಯ ಬಣ್ಣದ ಪಟ್ಟಿ, ಅದರಲ್ಲಿ ಮೂರು ಭಾಗ, ಭಾಗಗಳ ಕೆಳಗೆ ಹೆಸರು.

"ಆಚಾರ್ರ, ವಾಯು ತಗೀಲೇನ್ರಿ?"

ನನಗೆ ಜಪದ ನಡುವೆಯೇ ಬೆಳಗಿನ ವಿಧಿ ನೆನಪಾಯಿತು. ಮೌನ ಮುರಿಯಬಹುದಿತ್ತು, ಅದಕ್ಕೆ ಪ್ರಾಯಶ್ಚಿತ್ತವಿದೆ. ಆದರೆ ಬಾಯಿಗಿಂತ ಮೊದಲು ಕೈ ಎದ್ದಿತು. ತಡೆಯಿರಿ ಎಂಬ ಅರ್ಥದಲ್ಲಿ ಜೋರಾಗಿ ಚಿಟಿಕೆ ಹೊಡೆದೆ. ಮತ್ತೊಮ್ಮೆ ಹೊಡೆದೆ.

"ಅಕ್ಕೋರ, ಒಳಗ ಚಿಟಿಕಿ ಹೊಡ್ಯಾಕತ್ತಾರ. ಏನಂತಾರ ನೋಡ್ರಿ ಸ್ವಲ್ಪ."

"ಏನಂತಾನ, ಲಗೂ ಮಾಡ್ರಿ ಅಂತಾನ," ಎಂದಳು ಅಕ್ಕ. "ತಗೀರಿ ತಗೀರಿ. ವಾರದಿಂದ ಅದೇ ಜಪಾ ನಡಸ್ಯಾನ."

ಮೂರನೆಯ ಚಿಟಿಕೆಯನ್ನು ಇನ್ನೂ ಜೋರಾಗಿ ಹೊಡೆದೆ.

"ಭಾಳ ಗಡಬಡಿ ಅದ ನೋಡ್ರಿ ಅವಗ," ಎಂದಳು ಅಕ್ಕ.

ಮಾಲೆಯನ್ನು ಕಣ್ಣಿಗೊತ್ತಿ ನಾನು ಹೊರಗೆ ಬಂದಾಗ ಪರದೆಯ ಮೇಲೆ ಒಂದು ದುಂಡನೆಯ ಹಕ್ಕಿ ನಿಂತಿತ್ತು. ಅದು ಲಿನಕ್ಸಿನ ಲಾಂಛನ, ಹಾರಲಾರದ ಹಕ್ಕಿ ಎಂದು ಆಮೇಲೆ ತಿಳಿಯಿತು. ಅದರ ಕೆಳಗೆ ಒಂದು ಪಟ್ಟಿ ತುಂಬುತ್ತಿತ್ತು. ಖಾದರ ಸಾಹೇಬರ ಮುಖ ಪ್ರಸನ್ನವಾಗಿತ್ತು.

"ಭಾಳ ಸಲೀಸ ಆತ್ರಿ ಆಚಾರ್ರ. ವಾಯು ಪೂರಾ ಸಾಫ್. ಒಂದ್ ಮಾತ್ ಕೇಳ್ತೀನಿ, ನಡುವಿನ ಖೋಲಿಗಿ ಹೆಸರೇ ಇರಲಿಲ್ಲಲ್ರಿ?"

ನಾನು ಹೇಳಿದೆ. ಕಲಾಕರ್ಷಣದ ವಿಧಾನವನ್ನು, ಅಂತರ್ಯಾಮಿತ್ವವನ್ನು, ಐನಾಪುರವನ್ನು, ಆದಷ್ಟು ಸಂಕ್ಷೇಪವಾಗಿ. ಅವರು ಕೊನೆಯವರೆಗೆ ಕೇಳಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸುವಂಥದೇನೂ ಇರಲಿಲ್ಲ.

"ಅಂದ್ರ ಅಕ್ಕೋರ ಹಾಡು..."

"ಹೌದು."

"ನಿಲ್ಲಸ್ಲೇನ್ರಿ?"

ಗೋಡೆ ಕೆಡವಿ, ನೆಲ ಅಗೆದು, ಹೊಸ ಫರ್ಸಿ ಅರ್ಧ ಹಾಸಿಯಾಗಿತ್ತು. ಈಗ ನಿಲ್ಲಿಸಿದರೆ ಹೊಸದೂ ಇಲ್ಲ. ನಾವಿಬ್ಬರೂ ಆ ಪಟ್ಟಿ ತುಂಬುವುದನ್ನು ನೋಡುತ್ತ ಕುಳಿತೆವು. ನನ್ನ ಪ್ರವಚನಗಳು ಅನಾಮಿಕ ಕೋಣೆಯಲ್ಲಿ ಕ್ಷೇಮವಾಗಿದ್ದವು. ಅಕ್ಕ ತಟ್ಟೆಯಲ್ಲಿ ಅವಲಕ್ಕಿ ಹಚ್ಚಿ ತಂದು ಹೊಸ್ತಿಲ ಮೇಲಿಟ್ಟು, "ಆತೇನ್ರಿ ಕೆಲಸ?" ಎಂದಳು.

"ಆತ್ರಿ ಅಕ್ಕೋರ," ಎಂದರು ಖಾದರ ಸಾಹೇಬರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಲಕ್ಕಿಯನ್ನು ಮಾತ್ರ ಅವರು ಮುಟ್ಟಲಿಲ್ಲ. ಗಾಡಿಯ ಹೊತ್ತಾಯಿತೆಂದು ಎದ್ದರು. ಗಾಡಿ ಸಂಜೆಗಿತ್ತು.

ಗುಲ್ಬರ್ಗಾದ ಅಂಗಡಿಯವನಿಗೆ ಫೋನು ಮಾಡಿ ಕೇಳಿದೆ. ಅಳಿಸಿದ್ದಷ್ಟೇ ಆಗಿದ್ದರೆ ಯತ್ನ ಮಾಡಬಹುದಿತ್ತು, ಅದರ ಮೇಲೆ ಬರೆದದ್ದೂ ಆಗಿದೆ, ಎಂದ. ಯಾವ ಕೋಣೆ ಹೋಯಿತು ಎಂದು ಕೇಳಿದ. ಹೇಳಲು ಸಂಕೋಚವಾಗಿ ಫೋನು ಇಟ್ಟೆ.

ಮುಂದಿನ ವಾರ ಖಾದರ ಸಾಹೇಬರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಪದ್ಮಾ ಓರಗೆಯ ಹುಡುಗಿಯರನ್ನು ಕರೆದುಕೊಂಡು ಹಾಡು ಕೇಳಲು ಯಾವಾಗ ಬರಲಿ ಎಂದು ಫೋನು ಮಾಡಿದಳು. ನಾನು ಚಾತುರ್ಮಾಸ್ಯದ ಬಗ್ಗೆ ಏನೋ ಹೇಳಿದೆ. ಆಗ ಚಾತುರ್ಮಾಸ್ಯವಿರಲಿಲ್ಲ. ಅಕ್ಕ ಪಡಸಾಲೆಯ ಕಂಬಕ್ಕೊರಗಿ ಹೂಬತ್ತಿ ಹೊಸೆಯುತ್ತಿದ್ದಳು.

"ತಮ್ಮಾ, ಖಾದರ ಮಾಸ್ತರಗ ಏನಾಗೇದ?"

"ಏನಿಲ್ಲ. ಮೈಯಾಗ ಹುಷಾರಿಲ್ಲಂತ."

"ನಿನಗೇನಾಗೇದ?"

"ನನಗೇನು?"

"ಪೆಟಗಿಗೆ ಏನಾಗೇದ ಹಂಗಾದ್ರ? ಮೂರರಾಗ ಒಂದಕ್ಕ ಏನರ ಆಗಿರಬೇಕಲ್ಲ."

ಹೇಳಿದೆ. ಅಕ್ಕನ ಕೈ ನಿಲ್ಲಲಿಲ್ಲ. ಒಂದು ಬತ್ತಿ ಮುಗಿಯಿತು, ಇನ್ನೊಂದನ್ನು ಹಿಡಿದಳು, ಅದನ್ನೂ ಮುಗಿಸಿದಳು. ಹೊಸೆದ ಬತ್ತಿಯನ್ನೇ ಬಿಚ್ಚಿ ತಿರುಗಿ ಹೊಸೆದಳು.

"ನಾನ ಅಲ್ಲೇನು ತಗೀರಿ ಅಂದಾಕಿ," ಎಂದಳು ಕೊನೆಗೆ.

"ನಿನಗೇನ್ ಗೊತ್ತಿತ್ತು, ಅಕ್ಕಾ."

"ನಿನ್ನ ಪ್ರವಚನ ಹೋದ್ವೇನು?"

"ಇಲ್ಲ. ಅವು ಉಳದಾವ."

"ಶ್ರೀಹರೀ," ಎಂದು ಅಕ್ಕ ಕಣ್ಣು ಮುಚ್ಚಿದಳು. ಆ ಉದ್ಗಾರ ಸ್ಮರಣೆಯೋ ದೂರೋ ನಾನು ವಿಚಾರಿಸಲಿಲ್ಲ. ಆಮೇಲೆ ಬತ್ತಿಯ ತಟ್ಟೆ ಸರಿಸಿ, "ಹುಡಿಗ್ಯಾರನ್ನ ಕರಸು. ಖಾದರ ಮಾಸ್ತರಗೂ ಹೇಳಿ ಕಳಸು, ಚಹಾ ಆರಲಿಕ್ಕತ್ತದ ಅಂತ," ಎಂದಳು.

ಹುಡುಗಿಯರು ಸೇಡಮ್ಮಿನಿಂದ ಬಂದು ಅಡುಗೆಮನೆಯ ಹೊಸ್ತಿಲ ಈಚೆ ಸಾಲಾಗಿ ಕುಳಿತರು. ಅಕ್ಕ ಆಚೆ ಕುಳಿತು ಗಂಟಲು ಸರಿಮಾಡಿಕೊಂಡಳು. ಮೊದಲ ನುಡಿ ಬಂದಾಗ ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ಫರ್ಸಿಯ ಮೇಲೆ ಫರ್ಸಿ ಎಳೆದ ಹಾಗಿತ್ತು ಧ್ವನಿ. ಪದ್ಮಾ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು.

"ನಗು ಬಂದ್ರ ನಕ್ಕೊಂತನ ಕಲೀರಿ," ಎಂದಳು ಅಕ್ಕ. "ಧಾಟಿ ನಂದು ಹಿಡೀರಿ, ಗಂಟಲ ನಿಮ್ಮದು ಇರಲಿ."

ಪಡಸಾಲೆಯಲ್ಲಿ ತಮ್ಮ ಕುರ್ಚಿಗೆ ತಿರುಗಿ ಬಂದ ಖಾದರ ಸಾಹೇಬರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲ ಹಾಡುಗಳೂ ಬಂದವೆಂದು ಹೇಳಲಾರೆ. ಕೆಲವು ಆಕೆಗೇ ಮರೆತಿದ್ದವು. ಯಂತ್ರವನ್ನು ನಂಬಿ ಆಕೆಯ ನೆನಪೂ ಕೆಲವನ್ನು ಕೈಬಿಟ್ಟಿತ್ತು. ಅವು ಹೋದವು. ಒಂದು ಮಧ್ಯಾಹ್ನ ನುಡಿಯೊಂದು ಸಿಗದೆ ಆಕೆ, "ಇದು ಅವ್ವ ಹೇಳ್ತಿದ್ದಳು," ಎಂದಷ್ಟೇ ಹೇಳಿ ಎದ್ದುಹೋದಳು. ನಾವಿಬ್ಬರು ಮಾಸ್ತರರೂ ಆ ದಿನ ಜಗತ್ತನ್ನು ಸರಿಪಡಿಸಲಿಲ್ಲ.

ಮದುವೆಗೆ ಚಿಂಚೋಳಿಯವರು ತಯಾರಾಗಿಯೇ ಬಂದಿದ್ದರು. ಭೂಮದ ಊಟದಲ್ಲಿ ಅವರು ಕನ್ನಡದಲ್ಲಿ ಆರಂಭಿಸಿ, ನಮ್ಮ ಅಡುಗೆಯ ಉಪ್ಪು, ನನ್ನ ತಮ್ಮನ ಬೋಳುತಲೆ, ಪದ್ಮಾಳ ಓದು ಎಲ್ಲವನ್ನೂ ಮುಟ್ಟಿ ತೆಲುಗಿನಲ್ಲಿ ಮುಗಿಸಿದರು. ಹುಡುಗಿಯರು ಎದ್ದರು. ವರನ ಸೋದರಮಾವನ ಹೊಟ್ಟೆಯಿಂದ ಹಿಡಿದು ಅವರು ಬಂದ ಜೀಪಿನವರೆಗೆ ಏನನ್ನೂ ಬಿಡಲಿಲ್ಲ. ಸಭೆ ನಗುತ್ತಿತ್ತು. ಇನ್ನೊಂದು ಪಂಕ್ತಿಯಲ್ಲಿ ಕುಳಿತಿದ್ದ ಖಾದರ ಸಾಹೇಬರು ತಾಳ ಹಾಕುತ್ತಿದ್ದರು. ಆಗ ಹಿಂದೆ ಕುಳಿತಿದ್ದ ಗೋದಕ್ಕ ಒಂದು ಸನ್ನೆ ಮಾಡಿದಳು. ಹುಡುಗಿಯರು ಧಾಟಿ ಬದಲಿಸಿ ನಮ್ಮ ಕಡೆಗೆ ತಿರುಗಿದರು.

ಸಂಸ್ಕೃತದ ಮಾಸ್ತರಗ ಸಾವಿರ ಹೆಸರು ಬಾಯಿಪಾಠ,
ಲೆಕ್ಕದ ಮಾಸ್ತರಗ ಲಕ್ಷದ ಮ್ಯಾಲಿನ ಆಟ;
ಮೂರೇ ಖೋಲಿಯ ಮನಿಯಾಗ ಯಾವುದು ಖಾಲಿ ತಿಳೀಲಿಲ್ಲ,
ಭಲೆ ಭಲೆ ಅನ್ನಿರೆ ಇಬ್ಬರು ಶಾಣ್ಯಾರಿಗೆ!

ದೇವರ ಎತ್ತಿಟ್ಟ ಒಬ್ಬಾಂವ, ದೇವರ ಒರಸಿದ ಇನ್ನೊಬ್ಬಾಂವ,
ನಡುವ ನಿಂತು ತಗೀರಿ ಅಂದಾಕಿ ನಾನ ಹೌದವ್ವ;
ಹಾಡು ನುಂಗಿದ ಪೆಟಗಿಗಿ ಹೊಟ್ಟಿ ಅದ, ಬಾಯಿಲ್ಲ,
ಭಲೆ ಭಲೆ ಅನ್ನಿರೆ ಮೂವರು ಶಾಣ್ಯಾರಿಗೆ!

ಚಿಂಚೋಳಿಯ ಹೆಂಗಸರು ಮೊದಲು ಅರ್ಥವಾಗದೆ ನೋಡಿದರು. ಯಾರೋ ಅರ್ಥ ಹೇಳಿದರು. ಅದು ಪಂಕ್ತಿಯಿಂದ ಪಂಕ್ತಿಗೆ, ಅಲ್ಲಿಂದ ಹೊರಗಿನ ಚಪ್ಪರಕ್ಕೆ, ವಾಲಗದವರವರೆಗೂ ಹೋಯಿತು. ತಮ್ಮವರನ್ನೇ ಬೈದುಕೊಂಡು ಮುಗಿಸಿದ ಹೆಣ್ಣಿನ ಕಡೆಯವರಿಗೆ ಎದುರು ಹಾಡು ಏನು ಹೇಳಬೇಕೆಂದು ಬೀಗಿತಿಯರಿಗೆ ಯಾವ ಭಾಷೆಯಲ್ಲಿಯೂ ತೋಚಲಿಲ್ಲ. ನಾನು ಎಲೆಯ ಕಡೆ ಮುಖ ಮಾಡಿ ಅನ್ನ ಕಲಸಿದೆ. ತಂದೆ ಐನಾಪುರದಲ್ಲಿ ಸಾರಿಸಿದ್ದ, ನಾನು ಚಿತ್ತಾಪುರದಲ್ಲಿ ಮರೆತಿದ್ದ ಡಂಗುರ, ಹೀಗೆ ಸೇಡಮ್ಮಿನಲ್ಲಿ ಸಾಂಗವಾಯಿತು.

ಊರಿಗೆ ಬಂದ ಮೇಲೆ ಅಕ್ಕನನ್ನು ಕೇಳಿದೆ: ಹಾಡುಗಳನ್ನು ತಿರುಗಿ ಮುದ್ರಿಸೋಣವೇ?

"ಬ್ಯಾಡ. ಹುಡಿಗ್ಯಾರ ಕಡೆ ಅದಾವ, ಅಲ್ಲೇ ಇರಲಿ. ನಿನ್ನ ಮ್ಯಾಲಿನ ಹಾಡೊಂದು ಹಿಡಕೋ ಬೇಕಾದ್ರ. ಅದನ್ನ ಯಾರೂ ಮರೀಬಾರದು."

ಖಾದರ ಸಾಹೇಬರು ಹೊಸ ವ್ಯವಸ್ಥೆಗೆ ಮೈಕು ಪರಿಚಯಿಸಲು ಬಹಳ ಶ್ರಮಪಟ್ಟರು. ಅಕ್ಕ ಮೈಕಿಗೆ ಮಡಿಬಟ್ಟೆ ಸುತ್ತಿಸಿ ಒಡಕು ಧ್ವನಿಯಲ್ಲಿಯೇ ಆ ಎರಡು ನುಡಿ ಹೇಳಿದಳು. ಮರುದಿನದಿಂದ ಬೆಳಗಿನ ಆರತಿಗೂ ಹಾಡತೊಡಗಿದಳು. ದೇವರು ಏಳುತ್ತಿದ್ದಾನೆ, ದೂರಿದಂತೆ ಕಾಣುವುದಿಲ್ಲ. ನನ್ನ ಪ್ರವಚನಗಳನ್ನು ಅಳಿಸಿ, ಅನಾಮಿಕವಾಗಿದ್ದ ನಡುವಿನ ಕೋಣೆಯನ್ನು ಆ ಒಂದು ಹಾಡಿಗೇ ಬಿಟ್ಟುಕೊಟ್ಟೆವು. ಹೆಸರಿಡುವಾಗ ದೇವರುಗಳಿಗೆ ಮತ್ತೆ ತೊಂದರೆ ಕೊಡಬಾರದೆಂದು ಖಾದರ ಸಾಹೇಬರು ಸೂಚಿಸಿದರು. 'ಅಕ್ಕ' ಎಂದು ಇಟ್ಟೆವು.

ಮೊನ್ನೆ ಅವರು ಇನ್ನೊಂದು ಸಿ.ಡಿ. ತಂದಿದ್ದರು. ಹೊಸ ಆವೃತ್ತಿಯಂತೆ, ಜಾಗ ಹೆಚ್ಚು ಬೇಕಂತೆ, ಒಂದು ಕೋಣೆ ತೆರವು ಮಾಡಬೇಕಂತೆ. ಸಿ.ಡಿ. ಹಾಕಿದರು; ಬಣ್ಣದ ಪಟ್ಟಿ ಬಂತು. ಬಾಣದ ಗುರುತು ನಿಧಾನವಾಗಿ ಸರಿದು 'ಅಕ್ಕ' ಎಂಬಲ್ಲಿ ನಿಂತಿತು. ಅಡುಗೆಮನೆಯಲ್ಲಿ ಒಗ್ಗರಣೆಯ ಸಪ್ಪಳವೂ ನಿಂತಿತು.

"ಖಾದರ ಮಾಸ್ತರ, ಏನ್ ನಡಸೀರಿ?"

"ಏನಿಲ್ರಿ ಅಕ್ಕೋರ. ಬರೇ ನೋಡಾಕತ್ತೀನ್ರಿ."

ಅವರು ಸಿ.ಡಿ.ಯನ್ನು ಹೊರತೆಗೆದು, ಅದೇ ಕರವಸ್ತ್ರದಲ್ಲಿ ಒರೆಸಿ, ನನ್ನ ಕೈಗಿಟ್ಟರು.

"ಹಳೇದೇ ಛಲೋ ಅದ ಬಿಡ್ರಿ ಆಚಾರ್ರ."

ಇಬ್ಬರೂ ಹಿತ್ತಲಿಗೆ ಹೋಗಿ ಅದನ್ನು ಪೇರಲ ಗಿಡಕ್ಕೆ ಕಟ್ಟಿ ಬಂದೆವು. ಮಂಗಗಳಿಗೆ ಈಗ ಎರಡು ಕನ್ನಡಿಗಳಾಗಿವೆ.